ನಾಲ್ಕನೇ ತರಗತಿ ಮಗನನ್ನು ನವೋದಯ ಕೋಚಿಂಗ್ ಹಾಸ್ಟೆಲ್‌ಗೆ ಹಾಕಬೇಕಾ? ಮನೆಯಲ್ಲಿ ಎಲ್ಲರೂ ಬೆನ್ನು ಹತ್ತಿದ್ದಾರೆ

ಹಸಿರು ಬಳೆ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮದು ಕೊಪ್ಪಳ ತಾಲ್ಲೂಕಿನ ಹಳ್ಳಿ. ನಮ್ಮ ಮನೆಯವರು ಗಿಣಿಗೇರಿ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗ ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ನೆಗೆಣ್ಣಿಯ ಮಗನನ್ನು ಹೋದ ಜೂನ್‌ನಲ್ಲಿ ನವೋದಯ ಕೋಚಿಂಗ್ ಹಾಸ್ಟೆಲ್‌ಗೆ ಸೇರಿಸಿದರು, ಅಂದರೆ ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಯ ಆರನೇ ತರಗತಿ ಪ್ರವೇಶ ಪರೀಕ್ಷೆಗೆ ತಯಾರಿ ಮಾಡಿಸುವ ಖಾಸಗಿ ಹಾಸ್ಟೆಲ್. ಅಂದಿನಿಂದ ಮನೆಯಲ್ಲಿ ಒಂದೇ ಮಾತು. "ಅವ ಸಾಹೇಬ ಆಗ್ತಾನ, ನಿನ್ನ ಮಗನ್ನ ದನ ಕಾಯಾಕ ಬಿಡ್ತೀಯೇನು?" ಅಂತ ಅತ್ತೆ ದಿನಾ ಕೇಳುತ್ತಾರೆ. ಭಾವ ಅವರಂತೂ ಅಲ್ಲಿ ಸೀಟು ಹಿಡಿದಿಡಲು ಮಾತನಾಡಿಯೇ ಬಂದಿದ್ದಾರೆ.

ನನ್ನ ಮಗ ಶಾಲೆ ಬಿಟ್ಟು ಬಂದರೆ ಬ್ಯಾಗು ಕಟ್ಟೆ ಮೇಲೆ ಇಟ್ಟು, ರೊಟ್ಟಿಗೆ ಶೇಂಗಾ ಚಟ್ನಿ ಮೊಸರು ಹಚ್ಚಿಕೊಂಡು ತಿಂದು, ಪಕ್ಕದ ಮನೆ ಕರು ನೋಡಲು ಓಡುತ್ತಾನೆ. ದೀಪ ಹಚ್ಚುವ ಹೊತ್ತಿಗೆ ಒಲೆ ಹತ್ತಿರ ಬಂದು ಕೂರುತ್ತಾನೆ. ನಾನು ರೊಟ್ಟಿ ಬಡಿಯುತ್ತಾ ಲೆಕ್ಕ ಹೇಳುತ್ತೇನೆ. ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಒಂದು ತಿಂದು, "ಮುಕ್ಕಾಲು ಉಳೀತು, ಮುಕ್ಕಾಲಂದ್ರ ನಾಲ್ಕರಾಗ ಮೂರು" ಅನ್ನುತ್ತಾನೆ. ಆಮೇಲೆ ಅರ್ಧದ ಅರ್ಧ ಎಷ್ಟು, ಕಾಲಿನ ಅರ್ಧ ಎಷ್ಟು ಅಂತ ಅವನೇ ಕೇಳಲು ಶುರು ಮಾಡುತ್ತಾನೆ. ಶಾಲೆಯಲ್ಲಿ ಯಾರು ಹೊಡೆದರು, ಟೀಚರ್ ಯಾಕೆ ಅತ್ತರು, ಅಪ್ಪ ಹಗಲು ಯಾಕೆ ಮಲಗುತ್ತಾರೆ, ಎಲ್ಲವೂ ಆಗಲೇ ಬಾಯಿಗೆ ಬರುತ್ತದೆ. ಹಗಲಲ್ಲಿ ಕೇಳಿದರೆ "ಏನಿಲ್ಲ" ಅಷ್ಟೇ. ಆ ಹೊತ್ತು ತಪ್ಪಿದರೆ ಅವನ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತಾಗುವುದು ಹೇಗೆ?

ನವೋದಯ ಬೇಡ ಅಂತ ನಾನು ಹೇಳುತ್ತಿಲ್ಲ. ಸಿಕ್ಕರೆ ಕೈಮುಗಿದು ಕಳಿಸುತ್ತೇನೆ. ಅದಕ್ಕಾಗಿ ಈಗಿನಿಂದಲೇ ಮನೆ ಬಿಡಿಸಬೇಕಾ ಅನ್ನುವುದು ಪ್ರಶ್ನೆ. ಹಾಸ್ಟೆಲ್‌ನಲ್ಲಿ ಇಡದೆ ಪರೀಕ್ಷೆ ಪಾಸಾಗುವುದೇ ಇಲ್ವಾ? ಮನೆಯಲ್ಲೇ ಕಲಿಸಿದರೆ ಹೇಗೆ ಕಲಿಸಬೇಕು? ಮನೆಯವರಿಗೆ ಏನು ಉತ್ತರ ಕೊಡಲಿ? ಅನುಭವ ಇದ್ದವರು ಹೇಳಿ.

ಸೋನಾಮಸೂರಿ (ಸಿಂಧನೂರು)

ಕಳಿಸಬೇಡಿ ಅಕ್ಕಾ. ಆ ಒಲೆ ಮುಂದಿನ ಪಾಠ ಯಾವ ಹಾಸ್ಟೆಲ್‌ನಲ್ಲೂ ಸಿಗಲ್ಲ.

ತುಂಗೆಯ ದಂಡೆ (ಗಂಗಾವತಿ)

ಬೇಜಾರಾಗಬೇಡಿ ಅಕ್ಕಾರೆ, ನಾನು ಉಲ್ಟಾ ಹೇಳುತ್ತೇನೆ. ಕುಕನೂರಿನ ನವೋದಯದಲ್ಲಿ ಆರನೇ ತರಗತಿಗೆ ಇರುವುದು 80 ಸೀಟು. ಇಡೀ ಜಿಲ್ಲೆಗೆ ಅಷ್ಟೇ. ಬರೆಯುವವರು ಸಾವಿರಗಟ್ಟಲೆ. ಅದರಲ್ಲಿ ಮುಕ್ಕಾಲು ಪಾಲು ಮಕ್ಕಳು ತಯಾರಾಗಿಯೇ ಬಂದಿರುತ್ತಾರೆ. ರೊಟ್ಟಿ ಲೆಕ್ಕ ಚೆಂದ, ಆದರೆ ಎರಡು ತಾಸಿನಲ್ಲಿ 80 ಪ್ರಶ್ನೆ ಬಿಡಿಸುವ ವೇಗ ಬರಬೇಕಲ್ವಾ? ನನ್ನ ಮಗ ಕೋಚಿಂಗ್‌ನಲ್ಲಿ ಇದ್ದೇ ಸೀಟು ಪಡೆದ. ಈಗ ಎಂಟನೇ ತರಗತಿ, ಆರಾಮಾಗಿದ್ದಾನೆ. ಮೊದಲು ಅಳುತ್ತಾರೆ, ಆಮೇಲೆ ಹೊಂದಿಕೊಳ್ಳುತ್ತಾರೆ. ನಮ್ಮಂಥವರ ಮಕ್ಕಳಿಗೆ ಊಟ, ಬಟ್ಟೆ, ಪುಸ್ತಕ ಎಲ್ಲಾ ಕೊಟ್ಟು ಹನ್ನೆರಡನೇ ತರಗತಿವರೆಗೆ ಓದಿಸುವ ಜಾಗ ಇನ್ನೆಲ್ಲಿದೆ? ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಹಳ್ಳಿ ಮೇಷ್ಟ್ರು (ಲಿಂಗಸುಗೂರು)

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ಮೊದಲು ಪರೀಕ್ಷೆ ಏನು ಅಂತ ಎಲ್ಲರಿಗೂ ಗೊತ್ತಾಗಲಿ, ಆಮೇಲೆ ಜಗಳ ಆಡೋಣ.

ಒಟ್ಟು 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, 50 ಅಂಕ. ಅಂದರೆ ಚಿತ್ರ ನೋಡಿ ಬೇರೆ ಯಾವುದು, ಮುಂದಿನದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ ಅಂತ ಗುರುತಿಸುವುದು. ಓದು ಬರಹಕ್ಕಿಂತ ಕಣ್ಣಿಗೆ ಕೆಲಸ ಜಾಸ್ತಿ. ಗಣಿತ 20 ಪ್ರಶ್ನೆ, 25 ಅಂಕ. ಭಾಷೆ 20 ಪ್ರಶ್ನೆ, 25 ಅಂಕ. ಭಾಷೆಯಲ್ಲಿ ಗದ್ಯ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಷ್ಟನ್ನು ಕಲಿಸಲು ಎರಡು ವರ್ಷದ ಹಾಸ್ಟೆಲ್ ಬೇಕಾಗಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ವಿಷಯ ಬಹಳ ಪೋಷಕರಿಗೆ ಗೊತ್ತಿಲ್ಲ. ನೂರಕ್ಕೆ ಕನಿಷ್ಠ 75 ಭಾಗ ಸೀಟು ಗ್ರಾಮೀಣ ಮಕ್ಕಳಿಗೆ. ಅದು ಸಿಗಬೇಕಾದರೆ 3, 4, 5ನೇ ತರಗತಿಯನ್ನು ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ನಗರದ ಅಭ್ಯರ್ಥಿ ಅಂತಲೇ ಲೆಕ್ಕ. ಐದನೇ ತರಗತಿ ಯಾವ ಜಿಲ್ಲೆಯಲ್ಲಿ ಓದುತ್ತಾನೋ ಆ ಜಿಲ್ಲೆಯ ನವೋದಯಕ್ಕೇ ಅರ್ಜಿ. ಮಗು ಬರೆಯಲು ಸಾಧ್ಯ ಇರುವುದು ಒಂದೇ ಸಲ. ಹಾಗಾಗಿ ಹಳ್ಳಿ ಶಾಲೆಯಿಂದ ಹೆಸರು ಕಿತ್ತು ಪಟ್ಟಣಕ್ಕೆ ಹಾಕುವ ಮೊದಲು ಯೋಚನೆ ಮಾಡಿ ತಾಯಿ. ನಿಮ್ಮ ಮಗನ ಕೈಯಲ್ಲಿರುವ ಅನುಕೂಲವನ್ನೇ ದುಡ್ಡು ಕೊಟ್ಟು ಕಳೆದುಕೊಂಡಂತೆ ಆಗುತ್ತದೆ.

ತುಂಗೆಯ ದಂಡೆ (ಗಂಗಾವತಿ)

ಸರ್, ಹೆಸರು ಹಳ್ಳಿ ಶಾಲೆಯಲ್ಲೇ ಇರುತ್ತದೆ. ಹುಡುಗ ಮಾತ್ರ ಕೋಚಿಂಗ್‌ನಲ್ಲಿ. ಎಲ್ಲರೂ ಹೀಗೇ ಮಾಡುವುದು, ನಿಮಗೂ ಗೊತ್ತಿದೆ.

ಹಳ್ಳಿ ಮೇಷ್ಟ್ರು (ಲಿಂಗಸುಗೂರು)

ಗೊತ್ತಿದೆ, ಅದಕ್ಕೇ ಹೊಟ್ಟೆ ಉರಿಯುವುದು. ಹಾಜರಿ ಪುಸ್ತಕದಲ್ಲಿ ಹುಡುಗ ದಿನಾ ಬಂದಿರುತ್ತಾನೆ, ಬೆಂಚಿನ ಮೇಲೆ ಇರುವುದಿಲ್ಲ. ಅವನು ಓದುತ್ತಿದ್ದಾನೆ ಅಂತ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಮುಖ್ಯ ಶಿಕ್ಷಕರು. ಸುಳ್ಳು ಸಹಿಗೆ ನಾಳೆ ಉತ್ತರ ಕೊಡಬೇಕಾದವರೂ ಅವರೇ. ಒತ್ತಾಯ ಮಾಡಬೇಡಿ ಅಂತ ಎಲ್ಲಾ ಪೋಷಕರಲ್ಲೂ ಕೇಳಿಕೊಳ್ಳುತ್ತೇನೆ. ಶಾಲೆಗೂ ಇದರಿಂದ ನಷ್ಟ. ಚುರುಕಾದ ಮಕ್ಕಳನ್ನೆಲ್ಲಾ ನಾಲ್ಕಕ್ಕೇ ಎತ್ತಿಕೊಂಡು ಹೋದರೆ, ಉಳಿದ ಮಕ್ಕಳು ಯಾರನ್ನು ನೋಡಿ ಕಲಿಯಬೇಕು?

ಇನ್ನು ಊಟದ ಮಾತು. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಮೊದಲು ಬಂದದ್ದು ನಮ್ಮ ಕಡೆಯ ಜಿಲ್ಲೆಗಳಿಗೆ. ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಇದೆ ಅಂತಲೇ ಕೊಟ್ಟರು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರೂ ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಶಾಲೆಯಲ್ಲಿ ಇರದ ಹುಡುಗನಿಗೆ ಈ ಮೊಟ್ಟೆ ಸಿಗುತ್ತದಾ?

ಮಸ್ಕಿಯವ

ಮೇಷ್ಟ್ರೇ, ನೀವು ಹೇಳುವುದೆಲ್ಲಾ ಸರಿ. ಆದರೆ ಎಷ್ಟು ಶಾಲೆಯಲ್ಲಿ ತರಗತಿಗೊಬ್ಬ ಶಿಕ್ಷಕರಿದ್ದಾರೆ ಹೇಳಿ. ನಮ್ಮೂರಲ್ಲಿ ಒಬ್ಬರೇ ಟೀಚರು ಒಂದರಿಂದ ಮೂರರ ನಲಿ-ಕಲಿಯನ್ನೂ ನೋಡಬೇಕು, ನಾಲ್ಕು ಐದನ್ನೂ ನೋಡಬೇಕು. ಜನ ಸುಮ್ನೆ ಕೋಚಿಂಗ್‌ಗೆ ಓಡುತ್ತಿಲ್ಲ.

ಹಳ್ಳಿ ಮೇಷ್ಟ್ರು (ಲಿಂಗಸುಗೂರು)

ಒಪ್ಪುತ್ತೇನೆ. ಖಾಲಿ ಹುದ್ದೆ ತುಂಬದೆ ಪೋಷಕರನ್ನು ಬೈಯುವುದು ನ್ಯಾಯವಲ್ಲ.

ಕೆಂಪು ಮುದಗಲ್

ನಾನು ಮುದಗಲ್ ನವೋದಯದಲ್ಲಿ ಓದಿದವಳು. ಈಗ ನನಗೂ ಮಗಳಿದ್ದಾಳೆ, ಅದಕ್ಕೇ ಬರೆಯಬೇಕು ಅನಿಸಿತು.

ಕೋಚಿಂಗ್ ಅನ್ನುವ ಪದವೇ ನಮ್ಮ ಊರಲ್ಲಿ ಆಗ ಇರಲಿಲ್ಲ. ನಮ್ಮ ಟೀಚರ್ ಶಾಲೆ ಬಿಟ್ಟ ಮೇಲೆ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೂ ಲಾಟೀನು ಹತ್ತಿರ ಕೂತು "ಓದಿದ್ದು ನನಗ ಹೇಳು" ಅನ್ನುತ್ತಿದ್ದಳು. ಅವಳಿಗೆ ತಿಳಿಯುವ ಹಾಗೆ ಹೇಳಬೇಕಾದರೆ ನಾನು ಚೆನ್ನಾಗಿ ಅರ್ಥ ಮಾಡಿಕೊಳ್ಳಲೇಬೇಕಿತ್ತು.

ನವೋದಯ ನನಗೆ ಎಲ್ಲವನ್ನೂ ಕೊಟ್ಟಿದೆ. ಒಂಬತ್ತನೇ ತರಗತಿಯಲ್ಲಿ ವಲಸೆ ಅಂತ ಕೆಲವರನ್ನು ಒಂದು ವರ್ಷ ಹಿಂದಿ ನಾಡಿನ ನವೋದಯಕ್ಕೆ ಕಳಿಸುತ್ತಾರೆ. ನಾನೂ ಹೋಗಿದ್ದೆ. ಅಲ್ಲಿಂದ ಬಂದ ಮಕ್ಕಳು ನಮ್ಮಲ್ಲಿ ಜೋಳದ ರೊಟ್ಟಿ ತಿಂದರು. ಅಂಥ ಅನುಭವ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆದರೆ ಆರನೇ ತರಗತಿಯ ಮೊದಲ ತಿಂಗಳುಗಳಲ್ಲಿ ನಮ್ಮ ಡಾರ್ಮಿಟರಿಯಲ್ಲಿ ರಾತ್ರಿ ಅಳದ ಹುಡುಗಿ ಒಬ್ಬಳೂ ಇರಲಿಲ್ಲ. ಹತ್ತು ಹನ್ನೊಂದು ವರ್ಷಕ್ಕೇ ಹಾಗೆ. ಅಲ್ಲಿ ಹೌಸ್ ಮಿಸ್ ಇದ್ದರು, ನರ್ಸ್ ಇದ್ದರು, ಆಟದ ಮೈದಾನ ಇತ್ತು. ಕೋಚಿಂಗ್‌ನವರು ಬಾಡಿಗೆ ಮನೆಯಲ್ಲಿ ಎಂಟೊಂಬತ್ತು ವರ್ಷದ ಮಕ್ಕಳನ್ನು ಚಾಪೆ ಮೇಲೆ ಸಾಲಾಗಿ ಮಲಗಿಸುತ್ತಾರೆ. ನವೋದಯ ಒಳ್ಳೆಯದು ಅಂದ ಮಾತ್ರಕ್ಕೆ ಅದರ ಹೆಸರು ಬೋರ್ಡಿಗೆ ಹಾಕಿದ್ದೆಲ್ಲಾ ಒಳ್ಳೆಯದಾಗುವುದಿಲ್ಲ.

ಕಿನ್ನಾಳ ಗೊಂಬೆ

ನೂರಕ್ಕೆ ನೂರು ನಿಜ. ನಮ್ಮ ಅಕ್ಕನ ಮಗನನ್ನು ಇಂಥದ್ದೇ ಒಂದು ಕಡೆ ಬಿಟ್ಟಿದ್ದರು. ಊರಿನ ಹೆಸರು, ಸಂಸ್ಥೆ ಹೆಸರು ಹೇಳುವುದಿಲ್ಲ. ದಸರೆಗೆ ಮನೆಗೆ ಬಂದಾಗ ಬೆರಳ ಸಂದಿಯಲ್ಲೆಲ್ಲಾ ಕಜ್ಜಿ. ರಾತ್ರಿ ಹಾಸಿಗೆಯಲ್ಲೇ ಉಚ್ಚೆ, ಅದೂ ಎಂದೋ ಬಿಟ್ಟಿದ್ದ ಅಭ್ಯಾಸ. ಬೆಳಿಗ್ಗೆ ನಾವು ಏಳುವ ಮೊದಲೇ ಎದ್ದು, ಹಾಸಿಗೆಯನ್ನು ತಾನೇ ಮಡಚಿ ಮೂಲೆಗೆ ಇಟ್ಟು, ಅದರ ಮೇಲೆ ಕೂತಿರುತ್ತಿದ್ದ. ಯಾರಿಗೂ ಕಾಣಬಾರದು ಅಂತ. ನಮ್ಮ ಅಕ್ಕ ಅದನ್ನು ನೋಡಿದ ದಿನವೇ ಇನ್ನು ಕಳಿಸುವುದಿಲ್ಲ ಅಂದಳು. ಕಟ್ಟಿದ ಫೀಸು ವಾಪಸ್ ಬರಲಿಲ್ಲ, ಹೋಗಲಿ ಬಿಡು ಅಂದಳು.

ತುಂಗೆಯ ದಂಡೆ (ಗಂಗಾವತಿ)

ಒಂದು ಕಡೆ ಹೀಗಾಯ್ತು ಅಂತ ಎಲ್ಲಾ ಕಡೆ ಹೀಗೇ ಅಂದರೆ ಹೇಗೆ? ನನ್ನ ಮಗ ಇದ್ದ ಕಡೆ ಭಾನುವಾರ ಭಾನುವಾರ ಹೋಗಿ ನೋಡಿ ಬರುತ್ತಿದ್ದೆವು. ಚೆನ್ನಾಗಿಯೇ ಇಟ್ಟುಕೊಂಡಿದ್ದರು.

ನರ್ಸ್ ಅಕ್ಕ (ಬಳ್ಳಾರಿ)

ಮಧ್ಯೆ ಬಾಯಿ ಹಾಕುತ್ತೇನೆ. ಕಜ್ಜಿ ವಿಷಯ ಬಂತಲ್ಲ, ಹಾಸ್ಟೆಲ್ ಮಕ್ಕಳಿರುವ ಮನೆಗಳಿಗೆಲ್ಲಾ ಇದು ಬೇಕಾಗುತ್ತದೆ. ಒಬ್ಬನಿಗೆ ಮಾತ್ರ ಔಷಧಿ ಹಚ್ಚಿದರೆ ಹೋಗುವುದಿಲ್ಲ. ಒಂದೇ ಕೋಣೆಯಲ್ಲಿ ಮಲಗುವ ಎಲ್ಲರಿಗೂ ಒಂದೇ ದಿನ ಹಚ್ಚಬೇಕು. ಪರ್ಮೆಥ್ರಿನ್ ಕ್ರೀಮ್ ಕೊಡುತ್ತಾರೆ. ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ ಬೆಳಿಗ್ಗೆ ಸ್ನಾನ. ವಾರದ ನಂತರ ಮತ್ತೊಮ್ಮೆ. ಬಟ್ಟೆ, ಹೊದಿಕೆ ಬಿಸಿನೀರಲ್ಲಿ ಒಗೆದು ನಮ್ಮ ಬಳ್ಳಾರಿ ಬಿಸಿಲಿಗೆ ಹಾಕಿ. ಆರೋಗ್ಯ ಕೇಂದ್ರದಲ್ಲಿ ತೋರಿಸಿಯೇ ತೆಗೆದುಕೊಳ್ಳಿ.

ಹಾಸಿಗೆ ಒದ್ದೆ ಮಾಡುವುದಕ್ಕೆ ದಯವಿಟ್ಟು ಯಾರೂ ಬೈಯಬೇಡಿ. ಮಗು ಬೇಕಂತ ಮಾಡುವುದಲ್ಲ. ನಿಂತಿದ್ದು ಮತ್ತೆ ಶುರುವಾದರೆ ಮನಸ್ಸಿಗೆ ಏನೋ ಆಗಿರಬಹುದು, ಇಲ್ಲವೇ ಉರಿಮೂತ್ರದಂಥ ತೊಂದರೆ ಇರಬಹುದು. ಡಾಕ್ಟರಿಗೆ ತೋರಿಸಿ. ಎಲ್ಲೇ ಆಗಲಿ ಮಗುವಿಗೆ ಹೊಡೆತ, ಹಿಂಸೆ ಆಗುತ್ತಿದೆ ಅನಿಸಿದರೆ 1098ಕ್ಕೆ ಫೋನ್ ಮಾಡಿ. ಆ ನಂಬರನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಎರೆ ಹೊಲ (ದೇವದುರ್ಗ)

ಎಲ್ಲರೂ ಬರೆದಿದ್ದು ಓದಿದೆ. ಬೇಜಾರಿಲ್ಲ, ಆದರೆ ನಮ್ಮ ಮಾತೂ ಕೇಳಿ. ನಾವು ಗುಳೆ ಹೋಗುವವರು. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದರೆ ಮುಂಗಾರಿಗೇ ವಾಪಸ್. ಮಕ್ಕಳನ್ನು ಕರೆದುಕೊಂಡು ಹೋದರೆ ಅಲ್ಲಿ ಶೆಡ್ಡಿನಲ್ಲಿ ಇರಬೇಕು, ಶಾಲೆ ಇಲ್ಲ, ದೊಡ್ಡವಳು ಚಿಕ್ಕವನನ್ನು ಎತ್ತಿಕೊಂಡೇ ದಿನ ಕಳೆಯುತ್ತಾಳೆ. ಬಿಟ್ಟು ಹೋದರೆ ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಮಗ ಹಾಸ್ಟೆಲ್‌ನಲ್ಲಿದ್ದಾನೆ ಅಂದರೆ ರಾತ್ರಿ ನನಗೆ ನಿದ್ದೆ ಬರುತ್ತದೆ. ಎರಡು ಹೊತ್ತು ಊಟ, ಮೇಲೊಂದು ಸೂರು, ಕೇಳಲು ಒಬ್ಬ ಮೇಷ್ಟ್ರು. ಒಲೆ ಹತ್ತಿರ ಕೂರಿಸಿಕೊಂಡು ಲೆಕ್ಕ ಹೇಳಿಕೊಡುವ ಆಸೆ ನನಗೂ ಇದೆ ಅಕ್ಕಾ. ಹಾಸ್ಟೆಲ್‌ಗೆ ಬಿಡುವ ತಾಯಿಗೆ ಮಮತೆ ಇಲ್ಲ ಅನ್ನುವ ಹಾಗೆ ಮಾತ್ರ ಬರೆಯಬೇಡಿ.

ಹಸಿರು ಬಳೆ (ಕೊಪ್ಪಳ)

ಅಕ್ಕಾ, ಓದಿ ಕಣ್ಣಲ್ಲಿ ನೀರು ಬಂತು. ಹಾಗೆ ಯಾರೂ ಅಂದುಕೊಂಡಿಲ್ಲ. ನೀವು ದುಡಿಯುತ್ತಿರುವುದೇ ಆ ಮಕ್ಕಳಿಗಾಗಿ. ನನ್ನ ಪ್ರಶ್ನೆ ನನ್ನ ಮನೆಯದು ಮಾತ್ರ. ಮನೆಯಲ್ಲಿ ನಾನಿದ್ದೂ, ಶಾಲೆ ಪಕ್ಕದಲ್ಲೇ ಇದ್ದೂ ಯಾಕೆ ಬಿಡಬೇಕು ಅಂತ.

ಹಳ್ಳಿ ಮೇಷ್ಟ್ರು (ಲಿಂಗಸುಗೂರು)

ಎರೆ ಹೊಲದ ತಂಗಿಗೆ. ಗುಳೆ ಹೋಗುವವರಿಗೆ ಒಳ್ಳೆಯ ಸರ್ಕಾರಿ ಹಾಸ್ಟೆಲ್ ಇರಲೇಬೇಕು, ಅದು ಮಕ್ಕಳ ಹಕ್ಕು. ನಿಮ್ಮ ಮಗಳು ಐದು ಮುಗಿಸುತ್ತಿದ್ದರೆ ಆರನೇ ತರಗತಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇದೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ ಇದೆ. ಹುಡುಗರಿಗೂ ಹುಡುಗಿಯರಿಗೂ ಮೊರಾರ್ಜಿ ದೇಸಾಯಿ ವಸತಿ ಶಾಲೆ ಇದೆ. ಊಟ, ವಸತಿ, ಓದು ಎಲ್ಲಾ ಉಚಿತ. ಮೊರಾರ್ಜಿ, ಚೆನ್ನಮ್ಮ ಶಾಲೆಗಳಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ನೀವು ಊರಲ್ಲಿ ಇಲ್ಲದಾಗ ಅರ್ಜಿ ಕರೆದರೆ ತಪ್ಪಿಹೋಗುತ್ತದೆ. ಹೋಗುವ ಮೊದಲು ಜಾತಿ ಆದಾಯ ಪತ್ರ, ಆಧಾರ್, ಫೋಟೋ ಎಲ್ಲಾ ನಿಮ್ಮ ಶಾಲೆಯ ಮುಖ್ಯ ಶಿಕ್ಷಕರ ಹತ್ತಿರ ಕೊಟ್ಟು ಹೋಗಿ.

ಎರೆ ಹೊಲ (ದೇವದುರ್ಗ)

ಆಗಲಿ ಸರ್. ಮಗಳು ಈಗ ಐದನೇ ತರಗತಿಯೇ. ನಾಳೆಯೇ ಹೋಗಿ ಕೊಡುತ್ತೇನೆ.

ಕೋಟೆ ಬೆಟ್ಟ (ಬಳ್ಳಾರಿ)

ಕೋಚಿಂಗ್ ಸೆಂಟರ್‌ಗಳು 16 ವರ್ಷದ ಒಳಗಿನ ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ ಅಂತ 2024ರಲ್ಲೇ ಕೇಂದ್ರ ಸರ್ಕಾರ ಹೇಳಿದೆಯಲ್ಲ? ಮತ್ತೆ ಇವೆಲ್ಲಾ ಹೇಗೆ ನಡೆಯುತ್ತಿವೆ?

ಮಸ್ಕಿಯವ

ಅದು ಮಾರ್ಗಸೂಚಿ ಅಣ್ಣ, ಕಾಯ್ದೆ ಅಲ್ಲ. 2024ರ ಜನವರಿಯಲ್ಲಿ ಶಿಕ್ಷಣ ಸಚಿವಾಲಯ ರಾಜ್ಯಗಳಿಗೆ ಕಳಿಸಿದ್ದು. ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿ.

ಕೋಟೆ ಬೆಟ್ಟ (ಬಳ್ಳಾರಿ)

ಹಾಗಾದರೆ ಕಾಗದದಲ್ಲೇ ಉಳಿಯಿತು ಅನ್ನಿ.

ಬೇರೆ ಮಾತು. ನಮ್ಮ ಮನೆಯಲ್ಲಿ ತೆಲುಗು ಮಾತನಾಡುತ್ತೇವೆ, ಮಗಳು ಕನ್ನಡ ಮಾಧ್ಯಮ. ಭಾಷೆಯ ವಿಭಾಗಕ್ಕೆ ಏನು ಓದಿಸಬೇಕು?

ಕೆಂಪು ಮುದಗಲ್

ದಿನಾ ಒಂದು ಸಣ್ಣ ಕಥೆ ಅಥವಾ ಪತ್ರಿಕೆಯ ಮಕ್ಕಳ ಪುಟ ಓದಿಸಿ. ಓದಿದ ಮೇಲೆ "ಯಾರು, ಎಲ್ಲಿ, ಯಾಕೆ" ಅಂತ ಕೇಳಿ. ಉತ್ತರ ಗದ್ಯದಲ್ಲೇ ಇರುತ್ತದೆ, ಹುಡುಕುವ ರೂಢಿ ಬೇಕು ಅಷ್ಟೇ. ಮನೆಯಲ್ಲಿ ತೆಲುಗು ಅಂತ ಭಯ ಬೇಡ. ನಮ್ಮ ಬ್ಯಾಚಿನಲ್ಲಿ ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಮಾತನಾಡುವ ಮಕ್ಕಳೆಲ್ಲಾ ಇದ್ದರು.

ಕಿನ್ನಾಳ ಗೊಂಬೆ

2025ರಲ್ಲಿ ಗವಿಮಠದ ತೇರು ಜನವರಿ 15ಕ್ಕೆ, ನವೋದಯ ಪರೀಕ್ಷೆ 18ಕ್ಕೆ ಬಂದಿತ್ತು. ಕೋಚಿಂಗ್‌ನವರು ಮಕ್ಕಳನ್ನು ಜಾತ್ರೆಗೆ ಬಿಡಲಿಲ್ಲ. ಕೊಪ್ಪಳದಲ್ಲೇ ಇದ್ದು ಅಜ್ಜನ ತೇರು ನೋಡಲಿಲ್ಲ ಅಂದರೆ ಆ ಮಕ್ಕಳಿಗೆ ಹೇಗಾಗಿರಬೇಡ!

ಸೋನಾಮಸೂರಿ (ಸಿಂಧನೂರು)

ಅಯ್ಯೋ, ದಾಸೋಹದ ರೊಟ್ಟಿ, ಮಾದಲಿ ನೆನಪಾಯ್ತು. ಸುತ್ತಲಿನ ಹಳ್ಳಿಯವರು ಚಕ್ಕಡಿ, ಟ್ರ್ಯಾಕ್ಟರ್ ತುಂಬಾ ರೊಟ್ಟಿ ತರುತ್ತಾರೆ. ನಮ್ಮ ತವರಿನಲ್ಲೂ ಓಣಿಯ ಹೆಂಗಸರೆಲ್ಲಾ ಸೇರಿ ಬಡಿಯುತ್ತಿದ್ದೆವು. ಮಿರ್ಚಿ ಬಜ್ಜಿ ಮಾಡುವ ದಿನವಂತೂ ಹೇಳುವುದೇ ಬೇಡ.

ತುಂಗೆಯ ದಂಡೆ (ಗಂಗಾವತಿ)

ಜಾತ್ರೆ ಪ್ರತಿ ವರ್ಷ ಬರುತ್ತದೆ, ಪರೀಕ್ಷೆ ಒಂದೇ ಸಲ. ಇದರಲ್ಲಿ ನಾನು ಕೋಚಿಂಗ್‌ನವರ ಪರ.

ಕಿನ್ನಾಳ ಗೊಂಬೆ

ಮೂರು ದಿನ ಮೊದಲು ಒಂದು ಸಂಜೆ ತೇರು ನೋಡಿದರೆ ಕಲಿತಿದ್ದು ಮರೆತುಹೋಗುತ್ತದಾ ಅಣ್ಣಾ? ಮನಸ್ಸು ಹಗುರಾದರೆ ಇನ್ನೂ ಚೆನ್ನಾಗಿ ಬರೆಯುತ್ತಾರೆ.

ಮಸ್ಕಿಯವ

ಹಸಿರು ಬಳೆ ಅವರೇ, ಇಷ್ಟು ಹೊತ್ತು ಅತ್ತೆ, ಭಾವ, ನೆಗೆಣ್ಣಿ ಎಲ್ಲರೂ ಬಂದರು. ನಿಮ್ಮ ಮನೆಯವರು ಏನನ್ನುತ್ತಾರೆ ಅಂತ ಬರೆದಿಲ್ಲವಲ್ಲ?

ಹಸಿರು ಬಳೆ (ಕೊಪ್ಪಳ)

"ನಿನಗ ಸರಿ ಅನಿಸಿದ್ದು ಮಾಡು" ಅನ್ನುತ್ತಾರೆ ಅಣ್ಣಾ.

ಸೋನಾಮಸೂರಿ (ಸಿಂಧನೂರು)

ಈ ಮಾತು ಕೇಳಲು ಮಾತ್ರ ಚೆಂದ. ಹಾಗಂದರೆ ನಾಳೆ ಹುಡುಗ ಪಾಸಾಗದಿದ್ದರೆ "ನೀನೇ ಮಾಡಿದ್ದು" ಅಂತ ಹೇಳಲು ದಾರಿ ಇಟ್ಟುಕೊಂಡ ಹಾಗೆ. ನಮ್ಮ ಮನೆಯಲ್ಲೂ ಮಕ್ಕಳ ಜ್ವರ, ಹೋಮ್‌ವರ್ಕ್, ಪೇರೆಂಟ್ಸ್ ಮೀಟಿಂಗ್, ಎಲ್ಲಾ ನನ್ನದೇ. ಒಳ್ಳೆಯ ಅಂಕ ಬಂದರೆ "ನನ್ನ ಮಗ", ಕಡಿಮೆ ಬಂದರೆ "ನಿನ್ನ ಮಗ". ಇಬ್ಬರೂ ಕೂತು ತೀರ್ಮಾನ ಮಾಡಿ, ಅತ್ತೆ ಮುಂದೆ ಅವರೇ ಹೇಳಲಿ. ಅವರ ತಾಯಿ ತಾನೇ?

ರಾತ್ರಿ ಪಾಳಿ (ತೋರಣಗಲ್ಲು)

ಶಿಫ್ಟ್ ಮಾಡುವ ಅಪ್ಪನಾಗಿ ಒಂದು ಮಾತು. ವಾರ ವಾರ ಪಾಳಿ ಬದಲಾದರೆ ಮಕ್ಕಳು ಎದ್ದಾಗ ನಾವು ಮಲಗಿರುತ್ತೇವೆ, ನಾವು ಎದ್ದಾಗ ಅವರು ಶಾಲೆಯಲ್ಲಿ. "ನಿನಗೆ ಸರಿ ಅನಿಸಿದ್ದು ಮಾಡು" ಅನ್ನುವುದು ಕೆಲವು ಸಲ ತಪ್ಪಿಸಿಕೊಳ್ಳಲು ಅಲ್ಲ. ಮಗುವನ್ನು ದಿನಾ ನೋಡುವವಳು ಅವಳು, ಅವಳಿಗೇ ಜಾಸ್ತಿ ಗೊತ್ತು ಅಂತ. ಆದರೂ ಸೋನಾಮಸೂರಿ ಅಕ್ಕ ಹೇಳಿದ್ದು ಸರಿ, ಹಿರಿಯರ ಮುಂದೆ ಹೇಳುವ ಭಾರ ಗಂಡಸು ಹೊರಬೇಕು. ಮಧ್ಯಾಹ್ನದ ಪಾಳಿ ಇದ್ದ ವಾರ ನಾನು ಬೆಳಿಗ್ಗೆ ಮಗಳಿಗೆ ತಲೆ ಬಾಚಿ ಶಾಲೆಗೆ ಬಿಟ್ಟು ಬರುತ್ತೇನೆ. ಜಡೆ ಹಾಕಲು ಕಲಿತಿದ್ದೇನೆ. ದಾರಿಯಲ್ಲಿ ಅವಳು ಹೇಳುವುದನ್ನು ಕೇಳಿದರೆ ವಾರಕ್ಕಾಗುವಷ್ಟು ಸಮಾಧಾನ.

ಹಿರಿಯಕ್ಕ (ಯಲಬುರ್ಗಾ)

ನಾನು ಅತ್ತೆಯೂ ಹೌದು, ಅಜ್ಜಿಯೂ ಹೌದು. ಮೊಮ್ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ.

ನಿಮ್ಮ ಅತ್ತೆಯನ್ನು ಕೆಟ್ಟವರು ಅಂದುಕೊಳ್ಳಬೇಡವ್ವ. ನಮ್ಮ ಕಾಲದಲ್ಲಿ ಬರ ಬಿದ್ದಾಗ ಎಷ್ಟೋ ಮಕ್ಕಳು ಶಾಲೆ ಬಿಟ್ಟು ನಿಜವಾಗಿಯೂ ದನ ಕಾಯಲು ಹೋದರು. ಅವರಿಗೆ ಆ ಭಯ. ಒಬ್ಬ ಮೊಮ್ಮಗ ಮುಂದೆ ಹೋಗಿ ಇನ್ನೊಬ್ಬ ಹಿಂದೆ ಉಳಿದರೆ ನಾಳೆ ಮನೆ ಎರಡಾಗುತ್ತದೆ ಅಂತಲೂ ಇರಬಹುದು. ವಾದ ಮಾಡಿದರೆ ಹಠ ಜಾಸ್ತಿ ಆಗುತ್ತದೆ. ಅವರಿಗೊಂದು ಕೆಲಸ ಕೊಡು. ಸಂಜೆ ಮಗ್ಗಿ ಒಪ್ಪಿಸಿಕೊಳ್ಳುವುದು ಅಜ್ಜಿಯ ಕೆಲಸ ಅಂತ ಹೇಳು. ಕಾಲು, ಅರೆ, ಮುಕ್ಕಾಲು, ಸವಾ, ದೀಡು ಎಲ್ಲಾ ನಮ್ಮ ಕಾಲದವರಿಗೆ ಬಾಯಿಗೆ ಬರುತ್ತದೆ. ಹುಡುಗ ಓದುವುದನ್ನು ಕಣ್ಣಾರೆ ಕಂಡರೆ ಬಾಯಿ ತಾನಾಗಿ ಸುಮ್ಮನಾಗುತ್ತದೆ. ಮಣ್ಣೆತ್ತಿನ ಅಮಾಸಿಗೆ ಕೆರೆ ಮಣ್ಣು ತಂದು ಎತ್ತು ಮಾಡುವ ವಯಸ್ಸಿನ ಕೂಸನ್ನು ಅಷ್ಟು ಬೇಗ ಕಳಿಸಬೇಡ.

ಹಳ್ಳಿ ಮೇಷ್ಟ್ರು (ಲಿಂಗಸುಗೂರು)

ಹಿರಿಯಕ್ಕ ಹೇಳಿದ್ದು ಬಿ.ಇಡಿ.ಯಲ್ಲೂ ಕಲಿಸಲ್ಲ.

ಮನೆಯಲ್ಲಿ ಕಲಿಸುವುದು ಹೇಗೆ ಅಂತ ಕೇಳಿದ್ದರಲ್ಲ, ಅದಕ್ಕೆ ಉತ್ತರ ಬಾಕಿ ಇದೆ. ಕನ್ನಡಿ ಪ್ರತಿಬಿಂಬದ ಪ್ರಶ್ನೆಯನ್ನು ಕನ್ನಡಿ ಹಿಡಿದೇ ಕಲಿಸಿ. ಕಾಗದದ ಮೇಲೆ ಬಾಣ, ಬಾವುಟ, ಇಂಗ್ಲಿಷ್ ಅಕ್ಷರ ಬರೆದು ಅಲ್ಮೇರಾ ಕನ್ನಡಿ ಮುಂದೆ ಹಿಡಿಯಲಿ. ಮೊದಲು ಹೇಗೆ ಕಾಣುತ್ತದೆ ಅಂತ ಊಹಿಸಿ ಬರೆದು, ಆಮೇಲೆ ನೋಡಲಿ. ಎಡ ಬಲ ಅದಲು ಬದಲಾಗುತ್ತದೆ, ಮೇಲೆ ಕೆಳಗೆ ಆಗುವುದಿಲ್ಲ ಅಂತ ಅವನೇ ಕಂಡುಕೊಳ್ಳುತ್ತಾನೆ. ಕಾಗದ ಮಡಚಿ ರಂಧ್ರ ಮಾಡಿ ಬಿಚ್ಚುವ ಪ್ರಶ್ನೆ ಇರುತ್ತದೆ. ನಿಮ್ಮ ಹತ್ತಿರ ಕತ್ತರಿ, ಬಟ್ಟೆ ಚೂರು ಇದ್ದೇ ಇರುತ್ತದೆ ತಾಯಿ. ಎರಡು ಮಡಿಕೆ ಹಾಕಿ ಮೂಲೆ ಕತ್ತರಿಸಿ, ಬಿಚ್ಚುವ ಮೊದಲು ಎಷ್ಟು ತೂತು, ಎಲ್ಲಿ ಅಂತ ಕೇಳಿ. ದರ್ಜಿ ಮನೆ ಮಕ್ಕಳು ಇದರಲ್ಲಿ ಯಾವಾಗಲೂ ಮುಂದು.

ಐದನೇ ತರಗತಿಗೆ ಬಂದ ಮೇಲೆ ಗಡಿಯಾರ ಇಟ್ಟು ಹಳೇ ಪ್ರಶ್ನೆಪತ್ರಿಕೆ ಮಾಡಿಸಿ. ಉತ್ತರ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ಗುಂಡು ತುಂಬಬೇಕು, ಒಮ್ಮೆ ತುಂಬಿದರೆ ಅಳಿಸಲು ಬರುವುದಿಲ್ಲ. ಎಷ್ಟೋ ಮಕ್ಕಳು ಉತ್ತರ ಗೊತ್ತಿದ್ದೂ ಒಂದು ಸಾಲು ತಪ್ಪಿಸಿ ತುಂಬಿ ಬರುತ್ತಾರೆ. ಆ ಹಾಳೆಯ ಝೆರಾಕ್ಸ್ ತೆಗೆದು ರೂಢಿ ಮಾಡಿಸಿ. ನವೋದಯದ ಜೊತೆಗೆ ಆದರ್ಶ ವಿದ್ಯಾಲಯ, ಮೊರಾರ್ಜಿಯ ಪರೀಕ್ಷೆಯನ್ನೂ ಬರೆಸಿ. ಆದರ್ಶ ವಿದ್ಯಾಲಯಕ್ಕೆ ಮನೆಯಿಂದಲೇ ದಿನಾ ಹೋಗಿ ಬರಬಹುದು. ಆರರಿಂದ ಹತ್ತರವರೆಗೆ ಇಂಗ್ಲಿಷ್ ಮಾಧ್ಯಮ, ಉಚಿತ. ನಿಮ್ಮಂಥ ಮನೆಗೆ ಅದೇ ಹೆಚ್ಚು ಹೊಂದಬಹುದು.

ತುಂಗೆಯ ದಂಡೆ (ಗಂಗಾವತಿ)

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಐದನೇ ತರಗತಿವರೆಗೆ ಕಾಯಬಹುದು ಅನ್ನುವುದನ್ನು ಒಪ್ಪುತ್ತೇನೆ. ಮಗನ ಹಳೇ ಪ್ರಶ್ನೆಪತ್ರಿಕೆ, ಮಾನಸಿಕ ಸಾಮರ್ಥ್ಯದ ಪುಸ್ತಕ ನಮ್ಮಲ್ಲೇ ಇವೆ. ಬೇಕಾದರೆ ಕೊಪ್ಪಳ ಬಸ್ಸಿನಲ್ಲಿ ಕಳಿಸಿಕೊಡುತ್ತೇನೆ, ದುಡ್ಡು ಬೇಡ.

ಹಸಿರು ಬಳೆ (ಕೊಪ್ಪಳ)

ದೊಡ್ಡ ಮನಸ್ಸು ಅಣ್ಣಾ ನಿಮ್ಮದು. ಖಂಡಿತ ಬೇಕು, ಮೆಸೇಜ್ ಮಾಡುತ್ತೇನೆ.

ನಿನ್ನೆ ನಮ್ಮ ಮನೆಯವರಿಗೆ ರಜೆ ಇತ್ತು. ಎರಡೂ ಕಡೆಯ ಮಾತನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಅತ್ತೆ ಊಟಕ್ಕೆ ಕೂತಾಗ ಅವರೇ ಹೇಳಿದರು, ಮಗ ಐದು ಮುಗಿಸುವವರೆಗೆ ಇಲ್ಲೇ ಇರುತ್ತಾನೆ, ಪರೀಕ್ಷೆ ಎಲ್ಲಾ ಬರೆಸೋಣ ಅಂತ. ಅತ್ತೆ ಮುಖ ಊದಿಸಿಕೊಂಡರು. ಸಂಜೆ ನಾನು ಮಗ್ಗಿ ವಿಷಯ ಎತ್ತಿದೆ. "ನನಗೇನ್ ಬರ್ತದ" ಅಂತ ಅಂದವರು, ಅವನು ಹದಿಮೂರರ ಮಗ್ಗಿಯಲ್ಲಿ ತಡವರಿಸಿದ ಕೂಡಲೇ ಒಳಗಿನಿಂದಲೇ "ತೊಂಬತ್ತೊಂದು!" ಅಂತ ಕೂಗಿದರು. ಭಾವ ಅವರಿಗೆ ಇನ್ನೂ ಸಿಟ್ಟಿದೆ. ಅದನ್ನು ಮನೆಯವರೇ ನೋಡಿಕೊಳ್ಳುತ್ತಾರಂತೆ. ನೆಗೆಣ್ಣಿಯ ಮಗ ಹಬ್ಬಕ್ಕೆ ಬಂದಾಗ ಇಬ್ಬರನ್ನೂ ಕೂರಿಸಿಕೊಂಡು ಕನ್ನಡಿ ಆಟ ಆಡಿಸಬೇಕು ಅಂತಿದ್ದೇನೆ. ಅವನೂ ನಮ್ಮ ಕೂಸೇ ಅಲ್ವಾ.

ಎರೆ ಹೊಲ (ದೇವದುರ್ಗ)

ಮೇಷ್ಟ್ರೇ, ಒಂದು ಪ್ರಶ್ನೆ ಉಳಿಯಿತು. ಮಗಳಿಗೆ ನವೋದಯವನ್ನೂ ಬರೆಸಬಹುದಾ? ಅರ್ಜಿಗೆ ದುಡ್ಡು ಎಷ್ಟು? ನೆಟ್ ಸೆಂಟರ್‌ನವರು ಸಿಕ್ಕಾಪಟ್ಟೆ ಕೇಳುತ್ತಾರೆ.

ಹಳ್ಳಿ ಮೇಷ್ಟ್ರು (ಲಿಂಗಸುಗೂರು)

ಬರೆಸಿ ತಾಯಿ. ಮೂರನೇ ಒಂದು ಭಾಗ ಸೀಟು ಹುಡುಗಿಯರಿಗೇ ಮೀಸಲು. ಅರ್ಜಿಗೆ ಶುಲ್ಕ ಇಲ್ಲ, ಪೂರ್ತಿ ಉಚಿತ. ಮುಖ್ಯ ಶಿಕ್ಷಕರು ಸಹಿ ಮಾಡಿದ ಪ್ರಮಾಣಪತ್ರ, ಮಗಳ ಫೋಟೋ, ಅವಳ ಸಹಿ, ನಿಮ್ಮದೊಂದು ಸಹಿ, ಆಧಾರ್ ಇದ್ದರೆ ಆಯಿತು. ಸಾಮಾನ್ಯವಾಗಿ ಮಳೆಗಾಲದ ಶುರುವಿನಲ್ಲಿ ಕರೆಯುತ್ತಾರೆ. ನಿಮ್ಮ ಶಾಲೆಯಲ್ಲೇ ಮೊಬೈಲ್‌ನಿಂದ ತುಂಬಿಕೊಡಲು ಕೇಳಿ, ನಾವೂ ನಮ್ಮ ಮಕ್ಕಳಿಗೆ ಹಾಗೇ ತುಂಬಿಕೊಡುತ್ತೇವೆ. ಗ್ರಾಮೀಣ ಅಂತ ಇರುವ ಕಡೆ ಸರಿಯಾಗಿ ಗುರುತು ಹಾಕಿದ್ದಾರಾ ಅಂತ ಒಮ್ಮೆ ಎದುರಿಗೇ ನೋಡಿಕೊಳ್ಳಿ.